ಫ್ಯಾನು ಬಿಚ್ಚಿದ ದಿನದ ಅಡುಗೆ

ಜುಲೈ ೯

ಪ್ರೀತಿಯ ಪುಟ್ಟಿ,

ನೀನೂ ಕೂಸೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ಬರೆಯುವುದು ತಡವಾಯಿತು, ಮುನಿಸಿಕೊಳ್ಳಬೇಡ. ಇಲ್ಲಿಗೆ ಬಂದು ಒಂದು ತಿಂಗಳ ಮಟ್ಟಿಗಾದರೂ ನಿನ್ನ ಕೈಯಡುಗೆ ತಿನ್ನಿಸಮ್ಮ ಎಂದು ನೀನು ಬರೆದಿದ್ದೆ. ಅದಕ್ಕೇನು ಹೇಳಬೇಕೆಂದು ತಿಳಿಯದೆ ಕೂತಿದ್ದೆ. ಮೊನ್ನೆಯ ಜ್ವರವೇನೋ ಬಿಟ್ಟುಹೋಯಿತು, ಆದರೆ ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಯಾವ ವಾಸನೆಯೂ ತಿಳಿಯುತ್ತಿಲ್ಲ. ವಾಪಸ್ಸು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಇಷ್ಟು ಹೇಳಲು ಅಷ್ಟು ಓದಬೇಕಿತ್ತೇ ಎಂದು ನಿನ್ನಪ್ಪ ಮನೆ ಸೇರುವವರೆಗೂ ಗೊಣಗಿದರು.

ನನಗೆ ಅಡುಗೆಯನ್ನು ಯಾರೂ ಹೇಳಿಕೊಟ್ಟವರಲ್ಲ. ನಿನ್ನಜ್ಜಿ ಗಿರಣಿಯ ಪಾಳಿಗೆ ಹೋದರೆ ಒಲೆಯ ಮುಂದೆ ನಾನೊಬ್ಬಳೇ. ಬೇಳೆ ಬೆಂದಿತೇ, ಈರುಳ್ಳಿಯ ಹಸಿವಾಸನೆ ಹೋಯಿತೇ, ಎಲ್ಲಕ್ಕೂ ಮೂಗೇ ನನ್ನ ಮೇಷ್ಟ್ರು. ಈಗ ಮೇಷ್ಟ್ರು ಹೇಳದೆ ಕೇಳದೆ ಊರು ಬಿಟ್ಟರು. ಒಂದು ದಿನ ಹಾಲು ತಳ ಹಿಡಿದು ಸೀಯುತ್ತಿದ್ದರೆ ನಾನು ಪಕ್ಕದಲ್ಲೇ ಪಾತ್ರೆ ತೊಳೆಯುತ್ತ ನಿಂತಿದ್ದೆ. ಮೇಲಿನ ಮನೆಯ ಟೀಚರ್ ಓಡಿಬಂದು ಬಾಗಿಲು ಬಡಿದ ಮೇಲೆಯೇ ಗೊತ್ತಾದದ್ದು. ಅವತ್ತೇ ಒಲೆಗೆ ಕೈಮುಗಿದೆ. ಆಮೇಲೆ ಅಂಗಡಿಯ ಪೊಟ್ಟಣದ ಊಟ.

ನನ್ನ ಮೂಗನ್ನೇ ಇಟ್ಟುಕೋ ಎಂದರು ನಿನ್ನಪ್ಪ. ಆಯುಷ್ಯವೆಲ್ಲ ಟೈರಿಗೆ ಪಂಕ್ಚರ್ ಹಾಕುತ್ತ ರಬ್ಬರಿನ ಅಂಟು ಕುಡಿದ ಮೂಗು ಅದು. ಏನು ಹಿಡಿದರೂ ಘಮಘಮ ಅನ್ನುತ್ತದೆ.

ಹೋದ ಭಾನುವಾರ ಅವರಿಗೆ ಅಡುಗೆಮನೆಯ ಹೊಗೆ ಫ್ಯಾನು ರಿಪೇರಿ ಮಾಡುವ ಹುಕಿ ಬಂತು. ಅದನ್ನು ಬಿಚ್ಚಿ ಹರವಿ, ಎಂದಿನಂತೆ ಅರ್ಧಕ್ಕೇ ಬಿಟ್ಟು, ಸ್ಕ್ರೂ ತರಲು ಹೋದವರ ಪತ್ತೆಯೇ ಇಲ್ಲ. ನನಗೆ ತಾಳಲಾರದ ಹಸಿವು. ಆದದ್ದಾಗಲಿ ಎಂದು ಅನ್ನಕ್ಕಿಟ್ಟು, ಬಾಣಲೆಗೆ ಈರುಳ್ಳಿ ಹಾಕಿದೆ. ಪುಟ್ಟಿ, ಏನು ಹೇಳಲಿ. ಇಷ್ಟು ವರ್ಷ ಆ ಫ್ಯಾನಿನ ಗದ್ದಲದಲ್ಲಿ ನನಗೆ ಇದು ಕೇಳಿಸಿಯೇ ಇರಲಿಲ್ಲ. ಈರುಳ್ಳಿ ಎಣ್ಣೆಗೆ ಬಿದ್ದಕೂಡಲೇ ಜಗಳಕ್ಕೆ ನಿಲ್ಲುತ್ತದೆ. ನೀರು ಆರಿದಂತೆ ದನಿ ಇಳಿಯುತ್ತದೆ, ಕೆಂಪಾಗುವ ಹೊತ್ತಿಗೆ ಬರೀ ಪಿಸುಮಾತು. ಅನ್ನದ ಪಾತ್ರೆಗೆ ಕಿವಿಗೊಟ್ಟೆ. ಕೊತಕೊತ ಅನ್ನುತ್ತಿದ್ದದ್ದು ನಿಧಾನವಾಗಿ, ದಪ್ಪಗಾಗಿ, ಕೊನೆಗೆ ತಳದಲ್ಲಿ ಸಣ್ಣಗೆ ಚಿಟಿಚಿಟಿ ಎಂದಿತು. ಒಲೆ ಆರಿಸಿದೆ. ಮುಚ್ಚಳ ತೆಗೆದರೆ ಅಗುಳಿಗೆ ಅಗುಳು ಅಂಟಿರಲಿಲ್ಲ. ಮೈ ಜುಮ್ಮೆಂದಿತು. ದಿನಾ ಬೇಯುವ ಅದೇ ಅನ್ನ, ಅದೇ ಈರುಳ್ಳಿ. ಇಷ್ಟೆಲ್ಲ ಹೇಳುತ್ತಿದ್ದವು, ನಾನು ಕೇಳಿಸಿಕೊಂಡಿರಲಿಲ್ಲ ಅಷ್ಟೆ.

ಅಪ್ಪ ಬಂದರು, ಸ್ಕ್ರೂ ಇಲ್ಲದೆ. ತಟ್ಟೆಯಿಂದ ತಲೆಯೆತ್ತದೆ ಉಂಡು, ಮತ್ತೆ ಬಡಿಸಿಕೊಂಡರು.

"ಘಮಘಮ ಅಂತ ಹೇಳಲ್ಲ ಕಣೆ," ಎಂದರು. "ನೀನು ಮಾಡ್ತಿದ್ದ ಹಾಗೇ ಇದೆ."

ನನ್ನ ನಾಲಿಗೆಗೆ ತಿಳಿಯುವುದು ಈಗ ಉಪ್ಪು, ಹುಳಿ, ಖಾರ ಇಷ್ಟೇ. ಆದರೂ ಆ ಮಾತಿನಿಂದ ಹೊಟ್ಟೆ ತುಂಬಿತು. ಫ್ಯಾನು ಇನ್ನೂ ನೆಲದ ಮೇಲೇ ಇದೆ, ಹಾಕಲು ನಾನು ಬಿಡುತ್ತಿಲ್ಲ.

ಶುಕ್ರವಾರದ ರೈಲಿಗೆ ಬರುತ್ತಿದ್ದೇನೆ. ನಾನು ಒಲೆಯ ಮುಂದಿರುವಾಗ ರೇಡಿಯೊ ಹಚ್ಚಬೇಡಿ ಎಂದು ಅಳಿಯಂದಿರಿಗೆ ನೀನೇ ನಯವಾಗಿ ಹೇಳು. ಕೂಸಿಗೆ ಹೊಟ್ಟೆ ತುಂಬ ಹಾಲಿರಲಿ, ನಿನಗೆ ಕಣ್ತುಂಬ ನಿದ್ದೆ ಬರಲಿ, ನಿಮ್ಮ ಮನೆಯ ಒಲೆ ಬೆಚ್ಚಗಿರಲಿ.

ನಿನ್ನ
ಅಮ್ಮ

ತಾ.ಕ.: ನಾನು ಹೆದರಿದ್ದು ಅಡುಗೆಗಲ್ಲ, ಪುಟ್ಟಿ. ನೀನು ಹುಟ್ಟಿದಾಗ ನಿನ್ನ ನೆತ್ತಿಗೆ ಮೂಗಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದೆ. ಆ ವಾಸನೆ ಈಗ ನೆನಪಿಗೂ ಬರುತ್ತಿಲ್ಲ. ನಿನ್ನ ಕೂಸನ್ನು ಮೊದಲ ಸಲ ಎತ್ತಿಕೊಂಡಾಗ ನನ್ನ ಮುಖ ನೋಡಬೇಡ. ಅದರ ನೆತ್ತಿ ಹೇಗೆ ಘಮಿಸುತ್ತದೆ ಎಂದು ನೀನೇ ನನಗೆ ಹೇಳಬೇಕು.