ಬಾಗಿಲಿಗೆ ಅಡ್ಡವಿಟ್ಟ ಕೈಚೀಲ

ಜೂನ್ 11, 2022. ಶನಿವಾರ

ಆರ್ಡೆಲ್, ಜಾರ್ಜಿಯಾ. ಸ್ವೀಟ್‌ಗಮ್ ಚರ್ಚಿನ ನೆಲಮಾಳಿಗೆ. ಊರಿನ ಕಪ್ಪು ಜನರ ಚರಿತ್ರೆಯ ಕ್ಲಾಸು. ಬಂದವರು ಆರು ಜನ.

ಹೋದ ವರ್ಷ ಕುರ್ಚಿ ಸಾಲದೆ ಮೇಲಿನಿಂದ ತರಿಸಿದ್ದೆವು. ಅರ್ಧಕ್ಕರ್ಧ ಶಾಲೆಯ ಮಕ್ಕಳೇ. ಈ ಸಲ ಶಾಲೆಯವರು ಕಳಿಸಿಲ್ಲ. ಯಾಕೆ ಎಂದು ಕೇಳಲು ಹೋದರೆ ಪ್ರಿನ್ಸಿಪಾಲರು, ಜನಾಂಗದ ಪಾಠಕ್ಕೆ ಕಡಿವಾಣ ಹಾಕುವ ಹೊಸ ಕಾನೂನಿನ ಮಾತೆತ್ತದೆ, ಬಿಸಿಲಿನ ಬಗ್ಗೆ ಮಾತಾಡಿದರು. ಲೈಬ್ರರಿಯ ಮೀಟಿಂಗ್ ರೂಮೂ ಇನ್ನು ಸಿಗುವುದಿಲ್ಲವಂತೆ. ನಾನು ಮೂವತ್ತು ವರ್ಷ ಕೆಲಸ ಮಾಡಿದ ಲೈಬ್ರರಿ. ಉಳಿದಿರುವುದು ಈ ನೆಲಮಾಳಿಗೆ ಒಂದೇ.

ಇವತ್ತು 1962ರ ಪಾಠ. ಬಿಳಿಯರ ಲೈಬ್ರರಿಗೆ ಹೋಗಿ ಪುಸ್ತಕ ಕೇಳಿದ ಒಂಬತ್ತು ಹುಡುಗಿಯರು. ಹನ್ನೊಂದರಿಂದ ಹದಿನೈದರ ವಯಸ್ಸು. ಪೊಲೀಸರು ಮೂರು ವಾರ ದನದ ಶೆಡ್ಡಿನಲ್ಲಿ ಕೂಡಿಹಾಕಿದ್ದರು. ಕೇಸಿಲ್ಲ, ಕೋರ್ಟಿಲ್ಲ. ಈ ಚರ್ಚು ಆಸರೆಯಾದದ್ದನ್ನೂ ಹೇಳಿದೆ. ಕೊನೆಗೆ ಎಂದಿನಂತೆ ಲರ್ಲೀನ್‌ಳಿಂದ ಹಿಡಿದು ಒಂಬತ್ತು ಹೆಸರು ಕೂಗಿದೆ. ಸತ್ತವರ ಪರವಾಗಿ ಕ್ಲಾಸಿನವರು "ಇದ್ದಾಳೆ" ಅನ್ನುತ್ತಾರೆ. ಈಗ ಬದುಕಿರುವವರು ಮಿಸ್ ಒಝೆಲ್ಲಾ ಪ್ರುಯಿಟ್ ಒಬ್ಬರೇ. ನಾಲ್ಕು ವರ್ಷದಿಂದ ಒಂದು ಶನಿವಾರ ತಪ್ಪಿಸಿಲ್ಲ. ಹಿಂದಿನ ಕುರ್ಚಿ, ಬಾಗಿಲ ಪಕ್ಕ, ಬಾಯಲ್ಲಿ ಪೆಪ್ಪರ್‌ಮಿಂಟ್. ಪಾಠಕ್ಕೆ ಒಂದು ಮಾತು ಸೇರಿಸಿದ್ದಿಲ್ಲ, ತಿದ್ದಿದ್ದೂ ಇಲ್ಲ. ಕೊನೆಯಲ್ಲಿ ತಮ್ಮ ಹೆಸರು ಬಂದಾಗ ಕೈ ಎತ್ತುತ್ತಾರೆ, ಅಷ್ಟೆ.

ಬಾಗಿಲಿನ ತಕರಾರು ಇವತ್ತೂ. ಅವರು ತಮ್ಮ ಕಂದು ಕೈಚೀಲವನ್ನು ಅಡ್ಡ ಇಡುತ್ತಾರೆ, ಬಾಗಿಲು ಮುಚ್ಚಿಕೊಳ್ಳದ ಹಾಗೆ. ಎ.ಸಿ. ತಂಪೆಲ್ಲ ಹೊರಗೆ. ಬೀಗದ ಕೈ ಚರ್ಚಿನ ಉಸ್ತುವಾರಿ ನೋಡುವ ಡೀಕನ್ ಲೂಥರ್ ಗೇನ್ಸ್ ಹತ್ತಿರ ಇರುವುದು. ಮೆಟ್ಟಿಲಿಳಿದು ಬಂದರು.

"ಒಝೆಲ್ಲಾ, ಇಡೀ ಜಾರ್ಜಿಯಾಕ್ಕೆ ತಂಪು ಮಾಡ್ಬೇಕು ಅಂತಿದೀಯಾ? ಬಿಲ್ಲು ದೇವ್ರು ಕಟ್ಟಲ್ಲ."

"ದೇವ್ರಿಗೂ ಸೆಕೆ ಆಗ್ತಿರ್ಬೋದು, ಲೂಥರ್."

"ಅದ್ರೊಳಗೆ ಏನಿಟ್ಟಿದೀಯ? ಕಾಲಲ್ಲಿ ನೂಕಿದ್ರೂ ಅಲ್ಲಾಡಲ್ಲ."

"ನಿನ್ನಂಥೋರು ನೂಕ್ತಾರೆ ಅಂತಾನೇ ಭಾರ ಇಟ್ಕೊಂಡಿರೋದು."

ಎಲ್ಲರೂ ನಕ್ಕರು. ಡೀಕನ್ನರೂ. ಬಾಗಿಲು ತೆರೆದೇ ಇತ್ತು.


ಜೂನ್ 14

ಪಾಸ್ಟರ್ ಮೆರಿಕ್ ಫೋನ್. ಆಗಸ್ಟ್ ಹದಿನಾಲ್ಕಕ್ಕೆ 1962ರ ಹುಡುಗಿಯರ ಅರವತ್ತು ವರ್ಷದ ನೆನಪಿನ ಆರಾಧನೆ. ನೆಲಮಾಳಿಗೆಯ ಬಾಗಿಲ ಪಕ್ಕ ಕಂಚಿನ ಫಲಕ. ವಾಕ್ಯ ನಾನು ಬರೆದುಕೊಡಬೇಕು, ಅದರ ಮೇಲಿನ ಬಟ್ಟೆ ಸರಿಸುವುದು ಮಿಸ್ ಒಝೆಲ್ಲಾ.

ಸಂಜೆಯೆಲ್ಲ ಕೂತು ಬರೆದೆ. "1962ರ ಬೇಸಿಗೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಈ ಚರ್ಚು ಆಸರೆಯಾಯಿತು. ಅವರಿಗೆ ಧೈರ್ಯ ತುಂಬಲು ಸಭೆ ಇಲ್ಲಿ ಹಾಡಿತು."

ಎರಡನೆಯ ವಾಕ್ಯ ಅಮ್ಮನದು. ಸಾಯುವವರೆಗೂ ಹೇಳುತ್ತಿದ್ದಳು— ಆ ಮಕ್ಕಳಿಗೋಸ್ಕರ ನಾವು ಗಂಟಲು ಹರಿಯೋ ಹಾಗೆ ಹಾಡಿದ್ವಿ, ವರ್ಡೀನ್.

ಸ್ವೀಟ್‌ಗಮ್‌ನ ಹಳಬರನ್ನು ಯಾರನ್ನು ಕೇಳಿದರೂ ಇದೇ ಮಾತು. ಹತ್ತಾರು ಜನರ ಮಾತು ಟೇಪ್ ಮಾಡಿಕೊಂಡಿದ್ದೇನೆ. ಒಬ್ಬರದು ಇನ್ನೊಬ್ಬರದಕ್ಕೆ ಸರಿಯಾಗಿ ಹೊಂದುತ್ತದೆ.


ಜುಲೈ 2. ಶನಿವಾರ

ನಾಲ್ವರು.

ಕ್ಲಾಸು ಮುಗಿದ ಮೇಲೆ ಮಿಸ್ ಒಝೆಲ್ಲಾಗೆ ಫಲಕದ ವಾಕ್ಯ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಓದಿದೆ. ಪೆಪ್ಪರ್‌ಮಿಂಟ್ ಉಗುಳಿ ಕಾಗದದಲ್ಲಿ ಸುತ್ತಿದರು. ಬಟ್ಟೆ ಎಳೆಯೋಕೆ ಬೇರೆ ಯಾರನ್ನಾದರೂ ನೋಡಿಕೋ ಎಂದರು. ಮೈ ಸರಿಯಿಲ್ಲವೇ ಎಂದು ಕೇಳಿದೆ.

"ಮನೆಗೆ ಬಾ. ಇಲ್ಲಿ ಬೇಡ."


ಜುಲೈ 5

ಹೋಗಿದ್ದೆ. ಪೋರ್ಚಿನಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ನನಗೂ ಒಂದು ಬೋಗುಣಿ ಕೊಟ್ಟರು. ಈಚೆಗೆ ತೆಳ್ಳಗಾಗಿದ್ದಾರೆ ಅವರು.

ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡುತ್ತೇನೆ.

ಲೈಬ್ರರಿಯಿಂದ ಹೊರಗೆ ಹಾಕಿದ ಮೇಲೆ ಪೊಲೀಸರು ನಾಯಿ ಬಿಟ್ಟರು. ಒಂಬತ್ತೂ ಜನ ಚರ್ಚಿಗೆ ಓಡಿದರು. ಬುಧವಾರ, ನೆಲಮಾಳಿಗೆಯಲ್ಲಿ ಸಂಜೆಯ ಪ್ರಾರ್ಥನೆ ನಡೆದಿತ್ತು. ಕಿಟಕಿಯಲ್ಲಿ ಬೆಳಕು. ಮೆಟ್ಟಿಲಿಳಿದು ಹೋದರೆ ಬಾಗಿಲಿಗೆ ಒಳಗಿಂದ ಚಿಲಕ.

"ಬಡಿದ್ವಿ. ಒಳಗೆ ಹಾಡ್ತಿದ್ರು. ಲರ್ಲೀನ್ ಅವ್ರಪ್ಪನ ಹೆಸರು ಹಿಡಿದು ಕೂಗಿದ್ಲು, ಒಳಗೇ ಇದ್ರು ಅವ್ರು. ಹಾಡು ನಿಲ್ಲುತ್ತೆ ಅಂದ್ಕೊಂಡ್ವಿ. ಜೋರಾಯ್ತು, ವರ್ಡೀನ್. ನಾವು ಬಡಿದಷ್ಟೂ ಜೋರು."

ಪೊಲೀಸರು ಬಂದು ಹಿಡಿದದ್ದು ಆ ಮೆಟ್ಟಿಲ ಮೇಲೆ. ನಾಲ್ಕು ವರ್ಷದಿಂದ ನಾನು ಪಾಠ ಮಾಡುತ್ತಿರುವ ರೂಮಿನ ಬಾಗಿಲ ಆಚೆ.

ಒಳಗೆ ಯಾರ್ಯಾರಿದ್ದರು ಎಂದು ಕೇಳಿದೆ. ಕೇಳಬಾರದಿತ್ತು. ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು.

"ನಿಮ್ಮಮ್ಮನ ಧ್ವನಿ ಯಾರಿಗೆ ತಿಳಿಯಲ್ಲ ಹೇಳು. ಎಲ್ಲರ್ದಕ್ಕಿಂತ ಮೇಲೆ ಹೋಗೋದು."

ಹಾಗಾದರೆ ನನ್ನ ಕ್ಲಾಸಿಗೆ ಯಾಕೆ ಬರುತ್ತೀರಿ? ಆ ಸುಳ್ಳನ್ನು ಮತ್ತೆ ಮತ್ತೆ ಕೇಳಿಸಿಕೊಂಡು?

"ಹೆಸರು ಕೂಗ್ತೀಯಲ್ಲ ತಾಯಿ, ಅದಕ್ಕೆ. ಲರ್ಲೀನ್ ಹೆಸರನ್ನ ಈ ಊರಲ್ಲಿ ಇನ್ಯಾರು ಕೂಗ್ತಾರೆ? ನಿಜ ಹೇಳಿದ್ರೆ ಆ ರೂಮೂ ಹೋಗುತ್ತೆ, ಅವಳ ಹೆಸರೂ ಹೋಗುತ್ತೆ."

ಸುಲಿದ ಬಟಾಣಿಯಲ್ಲಿ ಅರ್ಧ ನನಗೇ ಕಟ್ಟಿಕೊಟ್ಟರು. ಫ್ರಿಜ್ಜಿನಲ್ಲಿದೆ.


ಜುಲೈ 6

ಟೇಪುಗಳನ್ನು ಮತ್ತೆ ಹಾಕಿ ಕೇಳಿದೆ. "ಹಾಡಿದೆವು" ಎಂದು ಎಲ್ಲರೂ ಹೇಳುತ್ತಾರೆ. ಬಾಗಿಲು ತೆಗೆದೆವು ಎಂದು ಒಬ್ಬರೂ ಹೇಳಿಲ್ಲ. ಪ್ರಶ್ನೆ ಕೇಳಿದವಳು ನಾನು... ಅದನ್ನು ಕೇಳಲೇ ಇಲ್ಲ.


ಜುಲೈ 9. ಶನಿವಾರ

ಮೂವರು. 1962 ಬಿಟ್ಟು ಹತ್ತಿ ಗಿರಣಿಯ ಮುಷ್ಕರದ ಪಾಠ ಮಾಡಿದೆ. ಮಿಸ್ ಒಝೆಲ್ಲಾ ಕುರ್ಚಿ ಖಾಲಿ. ಬಾಗಿಲು ಮುಚ್ಚಿತ್ತು, ರೂಮು ತಂಪಾಗಿತ್ತು. ಯಾರೋ "ಅಬ್ಬಾ, ಇವತ್ತು ಹಾಯಾಗಿದೆ" ಅಂದರು.


ಜುಲೈ 12

ಪಾಸ್ಟರ್ ಆಫೀಸಿಗೆ ಹೋದೆ. ಡೀಕನ್ ಗೇನ್ಸ್ ಕೂಡ ಇದ್ದರು. ಫಲಕದ ಮಾತು ಬದಲಿಸಬೇಕು ಎಂದೆ. ಕಂಚು ಎರಕ ಹೊಯ್ದಾಗಿದೆಯಂತೆ. ಪಾಸ್ಟರ್ ಚಿಕ್ಕ ವಯಸ್ಸಿನವರು, ಬೇರೆ ಊರಿನವರು. ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, ಫಲಕದಲ್ಲಿ ಯಾರ ಹೆಸರೂ ಇಲ್ಲವಲ್ಲ ಸಿಸ್ಟರ್, ಯಾರನ್ನೂ ನೋಯಿಸುವುದಿಲ್ಲವಲ್ಲ, ಎಂದರು.

ಡೀಕನ್ ನನ್ನನ್ನು ಕಾರಿನವರೆಗೆ ಬಿಡಲು ಬಂದರು. ನಡೆಯಲು ಕಷ್ಟ ಅವರಿಗೆ, ಆದರೂ ಬಂದರು. ಪಾರ್ಕಿಂಗಿನಲ್ಲಿ ನಿಂತು ಹೇಳಿದರು.

"ನಾನೂ ಒಳಗಿದ್ದೆ. ಇಪ್ಪತ್ತು ವರ್ಷ ನಂಗೆ. ಹಿಂದಿನ ತಿಂಗಳಷ್ಟೇ ಪಕ್ಕದ ಕೌಂಟೀಲಿ ಬಿಳಿಯರು ನಮ್ಮೋರ ಚರ್ಚು ಸುಟ್ಟಿದ್ರು. ಒಳಗೆ ಮುದುಕ್ರು, ಮಕ್ಳು, ಬಸ್ರಿ ಹೆಂಗಸ್ರು. ಬಾಗಿಲು ತೆಗೆದಿದ್ರೆ ಆ ನಾಯಿಗಳು ಒಳಗೆ ಬರ್ತಿದ್ವು, ಹಿಂದೆ ಅವ್ರು ಬರ್ತಿದ್ರು."

ನಾನು ಕಾರಿನ ಬಾಗಿಲು ತೆಗೆದೆ, ಅವರು ಅದನ್ನು ಹಿಡಿದು ನಿಂತರು.

"ನೀನೂ ಇದ್ದೆ ಮಗಾ. ನಾಲ್ಕು ವರ್ಷ ನಿಂಗೆ. ಅಮ್ಮನ ಮಡಿಲಲ್ಲಿ ಕಿವಿ ಮುಚ್ಕೊಂಡು ಕೂತಿದ್ದೆ. ಅವಳು ನಿನ್ನ ತಲೆ ಹಿಡ್ಕೊಂಡೇ ಹಾಡ್ತಿದ್ಲು. ಯಾವ ಮಗೂನ ಉಳಿಸ್ಕೋಬೇಕಿತ್ತು, ನೀನೇ ಹೇಳು."

ಬೀಗದ ಕೈಗೊಂಚಲು ಅವರ ಕೈಯಲ್ಲಿತ್ತು. ಮಾತು ಹೊರಗೆ ಬಿದ್ದರೆ ಚರ್ಚಿನ ಹಳೆಯ ಮನೆತನದವರು ಕ್ಲಾಸು ನಡೆಸಲು ಬಿಡುವುದಿಲ್ಲ ಎಂದರು. ಬೆದರಿಕೆ ಹಾಕಿದ ಹಾಗಿರಲಿಲ್ಲ. ದಣಿದ ಮನುಷ್ಯ ಹೇಳಿದ ಹಾಗಿತ್ತು.

ನನಗೆ ಏನೂ ನೆನಪಿಲ್ಲ. ಎಷ್ಟು ತಿಣುಕಿದರೂ ಇಲ್ಲ. ಹಾಡು ಕೂಡ.


ಜುಲೈ 30. ಶನಿವಾರ

ಮಿಸ್ ಒಝೆಲ್ಲಾ ಬುಧವಾರ ತೀರಿಕೊಂಡರು. ಆಸ್ಪತ್ರೆಯಲ್ಲಿ. ಹೃದಯ.

ಎರಡು ಸಲ ನೋಡಲು ಹೋಗಿದ್ದೆ. ಎರಡು ಸಲವೂ ನರ್ಸು ಹೊರಗೆ ಹೋಗುವಾಗ ಅವರು "ಬಾಗಿಲು" ಎಂದು ನನಗೆ ಕೈ ಮಾಡಿದರು. ತೆರೆದಿಟ್ಟೆ. ಫಲಕದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇವತ್ತು ಕ್ಲಾಸಿಗೆ ಇಬ್ಬರು. ಹೆಸರು ಕೂಗಿದೆ. ಒಂಬತ್ತನೆಯದಕ್ಕೆ ಯಾರೂ "ಇದ್ದಾಳೆ" ಅನ್ನಲಿಲ್ಲ— ಅಭ್ಯಾಸವಿರಲಿಲ್ಲ. ಕೈ ಎತ್ತುವುದನ್ನು ನೋಡಲು ಇಬ್ಬರೂ ಹಿಂದೆ ತಿರುಗಿದರು.


ಆಗಸ್ಟ್ 4

ಮಿಸ್ ಒಝೆಲ್ಲಾ ಮನೆಗೆ ಹೋಗಿದ್ದೆ. ಅವರ ಮಗಳು ಕಮಿಲ್ ಅಟ್ಲಾಂಟಾದಿಂದ ಬಂದಿದ್ದಾಳೆ. ಅಡುಗೆಮನೆ ತುಂಬ ಜನ ತಂದಿಟ್ಟ ಫ್ರೈಡ್ ಚಿಕನ್, ಪೌಂಡ್ ಕೇಕ್. ತಿನ್ನುವವರಿಲ್ಲ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ವೀಟ್‌ಗಮ್‌ನಲ್ಲಿ ಅಂತಿಮ ಆರಾಧನೆ. ನನ್ನ ಹೆಸರೂ ಇದೆ, ನಾಲ್ಕು ಮಾತು ಆಡುವವರಲ್ಲಿ— ಎರಡು ನಿಮಿಷ ಮೀರದಂತೆ.

ಆರಾಧನೆಯಲ್ಲಿ ಹಂಚಲು ಅಚ್ಚಾಗಿ ಬಂದ ಹಾಳೆ ತೋರಿಸಿದಳು. ತಾಯಿಯ ಫೋಟೋ, ಚರ್ಚ್ ಹ್ಯಾಟಿನಲ್ಲಿ, ಚೆನ್ನಾಗಿದೆ. ಜೀವನಚರಿತ್ರೆಯ ಮೂರನೆಯ ಸಾಲು: 1962ರ ಬೇಸಿಗೆಯಲ್ಲಿ ಆಕೆಗೂ ಗೆಳತಿಯರಿಗೂ ಈ ಚರ್ಚು ಆಸರೆಯಾಯಿತು. ಅವರಿಗೆ ಧೈರ್ಯ ತುಂಬಲು ಸಭೆ ಹಾಡಿತು.

ಪಾಸ್ಟರ್ ಕೊಟ್ಟರಂತೆ. "ನೀವೇ ಬರೆದದ್ದಂತೆ ಆಂಟಿ, ತುಂಬ ಚೆನ್ನಾಗಿದೆ" ಎಂದಳು ಕಮಿಲ್. ಅವಳಿಗೆ ಏನೂ ಗೊತ್ತಿಲ್ಲ. ತಾಯಿ ಮನೆಯಲ್ಲಿ ಎಂದೂ ಆ ಮಾತೇ ಎತ್ತುತ್ತಿರಲಿಲ್ಲವಂತೆ.

ಆಮೇಲೆ ಕಂದು ಕೈಚೀಲ ತಂದು ಮೇಜಿನ ಮೇಲೆ ಇಟ್ಟಳು. ಧಡ್ ಎಂದಿತು. ಒಳಗೆ ಬೈಬಲ್, ಪೆಪ್ಪರ್‌ಮಿಂಟ್, ಅಡುಗೆಮನೆಯ ಟವೆಲ್ಲಿನಲ್ಲಿ ಸುತ್ತಿದ ಅರ್ಧ ಇಟ್ಟಿಗೆ.

"ಕೊನೆಗಾಲಕ್ಕೆ ಅಮ್ಮನಿಗೆ ಮರೆವು ಬಂದಿತ್ತಾ? ಇಟ್ಟಿಗೆ ಯಾಕೆ ಹೊತ್ಕೊಂಡು ಓಡಾಡ್ತಿದ್ಲು?"

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಸಲಾಡ್ ಹಿಡಿದು ಒಳಗೆ ಬಂದರು, ಅವಳು ಎದ್ದು ಅಪ್ಪಿಕೊಂಡು ಅತ್ತಳು. ಇಟ್ಟಿಗೆ ನನಗೆ ಕೊಡು ಎಂದೆ. ಕೊಟ್ಟಳು. ವಿಚಿತ್ರವಾಗಿ ನೋಡಿದಳು.


ಆಗಸ್ಟ್ 5. ಸಂಜೆ

ಇಟ್ಟಿಗೆ ಮೇಜಿನ ಮೇಲಿದೆ. ಟವೆಲ್ ಒಗೆದು ಹಾಕಿದ್ದೇನೆ.

ನಾಳೆ ಹೇಳದಿದ್ದರೆ ಆ ಹಾಳೆ ನೂರು ಬೈಬಲುಗಳಲ್ಲಿ ಸೇರಿಕೊಳ್ಳುತ್ತದೆ. ಇಲ್ಲಿ ಯಾರೂ ಅದನ್ನು ಎಸೆಯುವುದಿಲ್ಲ. ಮುಂದೆ ನನ್ನಂಥ ಒಬ್ಬಳು ಬಂದು ಅದನ್ನೇ ತೆಗೆದು ಓದುತ್ತಾಳೆ. ಮುಂದಿನ ವಾರ ಕಂಚಿನದೂ ಬರುತ್ತದೆ.

ಹೇಳಿದರೆ ಕ್ಲಾಸು ಮುಗಿಯಿತು. ಇಬ್ಬರಿಗಾಗಿ ಬೇರೆ ಯಾರೂ ಬಾಗಿಲು ತೆಗೆಯುವುದಿಲ್ಲ. ಒಂಬತ್ತು ಹೆಸರುಗಳೂ ಅಲ್ಲಿಗೆ ಮುಗಿದವು, ಮಿಸ್ ಒಝೆಲ್ಲಾ ಹೆದರಿದ್ದು ಅದಕ್ಕೇ. ಕಮಿಲ್ ತಾಯಿಯ ಶವದ ಮುಂದೆ ಅದನ್ನು ಮೊದಲ ಸಲ ಕೇಳಬೇಕಾಗುತ್ತದೆ. ಅವಳನ್ನು ಬೆಳಿಗ್ಗೆಯೇ ಬದಿಗೆ ಕರೆದು ಹೇಳಿಬಿಡಬೇಕು. ಅಷ್ಟಾದರೂ.

ಎದುರಿಗೆ ಡೀಕನ್ ಗೇನ್ಸ್ ಕೂತಿರುತ್ತಾರೆ. ಯಾವ ಮಗುವನ್ನು ಉಳಿಸಿಕೊಳ್ಳಬೇಕಿತ್ತು ಎಂಬ ಅವರ ಪ್ರಶ್ನೆಯೂ ಇರುತ್ತದೆ. ಎರಡು ನಿಮಿಷದಲ್ಲಿ ಬಗೆಹರಿಯುವಂಥದ್ದಲ್ಲ ಅದು.

ಯಾವುದರಿಂದಲೂ ಏನೂ ಸರಿಯಾಗುವುದಿಲ್ಲ. ಗೊತ್ತು. ಅಮ್ಮನನ್ನು ಎಲ್ಲರೆದುರು ಎಳೆದು ತರಬೇಕು, ಅದೂ ಗೊತ್ತು.

ಹೇಳುತ್ತೇನೆ.

ಬಾಗಿಲಿಗೆ ಚಿಲಕ ಹಾಕಿತ್ತು, ಹಾಡು ಜೋರಾಯಿತು, ನನ್ನ ತಾಯಿ ಹಾಡಿದಳು. ಆದರೆ ಮೊದಲ ವಾಕ್ಯ ಅದಲ್ಲ. ಮೊದಲು— ನಾನು ಒಳಗಿದ್ದೆ. ಆಮೇಲೆ ಒಂಬತ್ತು ಹೆಸರು, ಒಂಬತ್ತನೆಯದಕ್ಕೆ ನಾನೇ ಉತ್ತರ ಕೊಡುತ್ತೇನೆ.

ಪ್ರಾರ್ಥನೆ ಶುರುವಾಗುವಾಗ, ಬಂದವರನ್ನು ಕೂರಿಸುವ ಅಶರ್‌ಗಳು ದೊಡ್ಡ ಬಾಗಿಲು ಮುಚ್ಚಿಬಿಡುತ್ತಾರೆ. ಅದಕ್ಕಿಂತ ಮುಂಚೆ ಹೋಗಬೇಕು. ಟವೆಲ್ ಒಣಗಿದೆಯೋ ನೋಡಿ, ಇಟ್ಟಿಗೆಯನ್ನು ಅದರಲ್ಲಿ ಸುತ್ತಿ ಆ ಬಾಗಿಲಿಗೆ ಅಡ್ಡ ಇಡಬೇಕು.