ಬಾಗಿಲಲ್ಲಿ ನಿಂತವರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪಿಟೀಲು,

ಹತ್ತೊಂಬತ್ತು ವರ್ಷದವಳನ್ನು ಈಗಲೂ ಹೀಗೆ ಕರೆಯುತ್ತಾರಾ ಎಂದು ಹಾಸ್ಟೆಲಿನ ಗೆಳತಿಯರು ನಕ್ಕರೆ ಪತ್ರವನ್ನು ಮಡಚಿಟ್ಟುಕೋ. ಚಿಕ್ಕವಳಿದ್ದಾಗ ನೀನು ಎದ್ದಾಗಿನಿಂದ ಮಲಗುವವರೆಗೆ ಒಂದೇ ಸಮ ಕುಯ್ಯುತ್ತಿದ್ದೆ: ಅದು ಬೇಡ, ಇದೇ ಬೇಕು, ಯಾಕಾಗಬಾರದು. ಆ ಹೆಸರು ಇಟ್ಟವರು ನಿನ್ನ ಅಪ್ಪ. ಫೋನಿರುವಾಗ ಪತ್ರ ಯಾಕೆ ಅನ್ನುತ್ತೀಯ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾಳೆ ಬೆಳಿಗ್ಗೆ ಹತ್ತಕ್ಕೆ ನಾನೊಂದು ವರದಿಗೆ ಸಹಿ ಹಾಕಬೇಕು. ನಮ್ಮ ಅಂಕಿಅಂಶ ಕಚೇರಿ ನಾಲ್ಕು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ, ಆಡಳಿತ ಹೇಗಿದೆ ಎಂದು ಜನರನ್ನೇ ಕೇಳುತ್ತದೆ. ಅದರಲ್ಲಿ ಒಂದು ಪ್ರಶ್ನೆಯ ಮೇಲೆ ಎಲ್ಲರ ಕಣ್ಣು: ಸರ್ಕಾರಿ ಕಚೇರಿಯಲ್ಲಿ ನಿಮಗೆ ಅನ್ಯಾಯವಾದರೆ ಹೆದರದೆ ದೂರು ಕೊಡಬಲ್ಲಿರಾ? ಕಳೆದ ಸಲ ನೂರರಲ್ಲಿ ಐವತ್ತೆಂಟು ಜನ ಹೌದು ಅಂದಿದ್ದರು. ಈ ಸಲ ಎಂಬತ್ತೊಂದು. ಇಷ್ಟು ಬೇಗ ಇಷ್ಟು ಮುಂದೆ ಬಂದ ದೇಶ ಇನ್ನೊಂದಿಲ್ಲವಂತೆ. ನಿರ್ದೇಶಕರ ಕೋಣೆಯಲ್ಲಿ ಎರಡು ಸುತ್ತು ಕಾಫಿ ಆಯಿತು. ನಾನೂ ನಗುತ್ತಾ ಕುಡಿದೆ.

ಆಮೇಲೆ, ನಿನಗೆ ಗೊತ್ತಲ್ಲ ನನ್ನ ಚಾಳಿ, ನಮೂನೆಯ ಕೊನೆಯ ಪುಟ ತೆರೆದೆ. ಅಲ್ಲೊಂದು ಕಲಂ ಇದೆ, ಯಾರೂ ನೋಡುವುದಿಲ್ಲ: ಉತ್ತರ ಕೊಡುವಾಗ ಹತ್ತಿರ ಬೇರೆ ಯಾರಿದ್ದರು? ಐದರಲ್ಲಿ ನಾಲ್ಕು ಮನೆಗಳಲ್ಲಿ ವಾರ್ಡಿನ ಅಧಿಕಾರಿ ಬಾಗಿಲಲ್ಲೇ ನಿಂತಿದ್ದರು. ಅವರಿದ್ದ ಮನೆಗಳಲ್ಲಿ ಹೌದು ಅಂದವರು ನೂರಕ್ಕೆ ತೊಂಬತ್ತೊಂದು. ಇಲ್ಲದ ಮನೆಗಳಲ್ಲಿ ನಲವತ್ತೊಂದು.

ಅಧಿಕಾರಿ ಅಲ್ಲಿಗೆ ಯಾಕೆ ಹೋದರು ಅಂದರೆ, ನಾನೇ ಕಳಿಸಿದ್ದೆ. ಗಣತಿಗೆ ಹೋಗುವ ಹೆಣ್ಣುಮಕ್ಕಳು ಬಿಸಿಲಲ್ಲಿ ಮನೆ ಹುಡುಕುತ್ತಾ ಅಲೆಯುತ್ತಾರೆ, ದಾರಿ ತೋರಿಸಲು ವಾರ್ಡಿನವರೊಬ್ಬರು ಜೊತೆಗಿರಲಿ ಎಂದು ಸುತ್ತೋಲೆ ಹೊರಡಿಸಿದ್ದೆ. ಒಳ್ಳೆಯದಕ್ಕೇ ಮಾಡಿದ್ದು. ಅಥವಾ ಕೆಲಸ ಬೇಗ ಮುಗಿಯಲೆಂದೋ? ಈಗ ಯೋಚಿಸಿದರೆ ಗೊತ್ತಾಗುವುದಿಲ್ಲ.

ನಮ್ಮ ಹಿರಿಯ ಗಣತಿದಾರಳನ್ನು ಕರೆದು ಕೇಳಿದೆ. ಇಪ್ಪತ್ತು ವರ್ಷ ಬೀದಿ ಸುತ್ತಿದವಳು, ಮೊಳೆ ಹೊಡೆದ ಹಾಗೆ ಮಾತಾಡುವವಳು. "ಮೇಡಂ, ಪ್ರಶ್ನೆ ಕೇಳಿದ್ದು ನಾನು. ಅವರು ಉತ್ತರ ಕೊಟ್ಟಿದ್ದು ಬಾಗಿಲಿಗೆ," ಅಂದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. "ಹೇಳೋಕೆ ಬಂದಿದ್ದೆ. ನಿಮ್ಮ ರೂಮಲ್ಲಿ ಡೈರೆಕ್ಟರ್ ಸಾಹೇಬ್ರು ಕೂತಿದ್ರು," ಅಂದಳು.

ಮರುದಿನ ಇಬ್ಬರೇ ಹೋಗಿ ಏಳು ಮನೆ ಮತ್ತೆ ಕೇಳಿದೆವು. ಒಂದು ಮನೆಯಲ್ಲಿ ಹೊಲಿಗೆ ಕೆಲಸದ ಹೆಂಗಸು. ಯಾರೆಂದು ನಿನಗೂ ಹೇಳುವಂತಿಲ್ಲ. ಹೋದ ತಿಂಗಳು ಹೌದು ಅಂದಿದ್ದವಳು ಈಗ ಹೊಲಿಗೆ ಯಂತ್ರ ನಿಲ್ಲಿಸದೆಯೇ ಇಲ್ಲ ಅಂದಳು. "ಅವತ್ತು ಹೌದು ಅಂದಿದ್ರಲ್ಲ?" ಅಂದೆ. "ಅವತ್ತು ಅವರಿದ್ರಲ್ಲಮ್ಮ! ನಲ್ಲೀಲಿ ನೀರು ಬರೋದು ಬಿಡೋದು ಅವರ ಕೈಲೇ ಇರೋದು. ನೀವು ಕೇಳಿ ಹೋಗ್ತೀರಾ, ಅವರು ಇಲ್ಲೇ ಇರ್ತಾರೆ." ಏಳರಲ್ಲಿ ಐದು ಮನೆ ಉತ್ತರ ಬದಲಿಸಿದವು.

ಎಲ್ಲವನ್ನೂ ನಿರ್ದೇಶಕರ ಮುಂದಿಟ್ಟೆ. ಅವರು ಕೆಟ್ಟವರಲ್ಲ, ನಿನ್ನ ಹುಟ್ಟುಹಬ್ಬಕ್ಕೆ ಬಣ್ಣದ ಪೆನ್ಸಿಲು ಕೊಟ್ಟವರು. ಕನ್ನಡಕ ತೆಗೆದು ಒರೆಸುತ್ತಾ, "ಮದುವೆ ಮನೇಲಿ ಸಾವಿನ ಸುದ್ದಿ ಯಾಕಮ್ಮಾ? ಆ ಕಲಂ ಒಂದನ್ನ ಬಿಟ್ಬಿಡಿ," ಅಂದರು. ಬಿಟ್ಟರೆ ಸುಳ್ಳಾಗುತ್ತದೆ ಸಾರ್ ಅಂದೆ. "ಸುತ್ತೋಲೆ ಯಾರ ಸಹಿಯಲ್ಲಿ ಹೋಗಿದೆ ನೋಡ್ಕೊಳ್ಳಿ. ಮೊದಲು ಬೀಳೋ ತಲೆ ನಿಮ್ಮದೇ," ಅಂದರು. ಬೆದರಿಕೆಯಲ್ಲ, ಕಾಳಜಿ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಮೂರು ದಿನ ಬರೆದು ಬರೆದು ಹರಿದೆ. ಇಂದು ಬೆಳಿಗ್ಗೆ ಎರಡು ಪುಟ ಬರೆದು ಮುಗಿಸಿದೆ. ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟಿದ್ದೇನೆ. ಅಧಿಕಾರಿಯನ್ನು ಜೊತೆಗೆ ಕಳಿಸಿದ ತಪ್ಪು ನನ್ನದು, ಮನೆಗೆ ಹೋದವರದಲ್ಲ ಎಂದೂ ಬರೆದಿದ್ದೇನೆ. ಇದು ಸೇರದೆ ವರದಿಗೆ ನನ್ನ ಸಹಿ ಇಲ್ಲ. ನಾಳೆ ಏನಾಗುತ್ತದೋ ತಿಳಿಯದು. ನನ್ನನ್ನು ದಾಖಲೆ ಕೋಣೆಗೆ ಹಾಕಬಹುದು, ಕ್ವಾರ್ಟರ್ಸ್ ಖಾಲಿ ಮಾಡಿಸಬಹುದು. ನಿನ್ನ ಕೋಣೆಯ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಟ್ಟಿದ್ದೇನೆ, ಹೆಸರು ಬರೆದು.

ಮೊನ್ನೆ ಫೋನಿನಲ್ಲಿ ರಜೆಗೆ ಎಲ್ಲಿಗೆ ಎಂದು ಕೇಳಿದೆನಲ್ಲ? ಮಾತು ಮುಗಿಯುವ ಮೊದಲೇ ನೀನು "ನಿನ್ ಹತ್ರಾನೇ ಅಮ್ಮಾ" ಅಂದೆ. ಹೇಗಿದ್ದೀಯ ಅಂದರೂ ಅಷ್ಟೇ ಬೇಗ "ಎಲ್ಲಾ ಸರಿ ಇದೆ" ಅನ್ನುತ್ತೀಯ. ಆ ಬೇಗದ ಉತ್ತರಗಳನ್ನು ನಾನು ಈಗ ಕಚೇರಿಯಲ್ಲಿ ನೂರಾರು ಓದಿದ್ದೇನೆ.

ಸರಿಯಾಗಿ ಊಟ ಮಾಡು.

ನಿನ್ನ ಕುಯ್ಯುವಿಕೆಗೆ ಕಾಯುತ್ತಿರುವ,
ಅಮ್ಮ

ಮತ್ತೊಂದು ಮಾತು. ಮರೆತದ್ದಲ್ಲ, ಇಲ್ಲಿಯವರೆಗೆ ಮುಂದೂಡಿದ್ದು. ನಾವು ಬೇರೆಯಾದಾಗ ನಿನಗೆ ಹನ್ನೊಂದು. ನ್ಯಾಯಾಧೀಶರು ತಮ್ಮ ಕೋಣೆಗೆ ಕರೆದು, "ಯಾರ ಜೊತೆ ಇರ್ತೀಯ ಮಗು?" ಎಂದು ಕೇಳಿದರು. ಮಗುವನ್ನು ಒಬ್ಬಳನ್ನೇ ಕಳಿಸಿ ಎಂದು ಹೊರಗೆ ಹೇಳಿದ್ದರು. ಹೆದರುತ್ತಾಳೆ, ಜೊತೆಗಿರುತ್ತೇನೆ ಎಂದು ಒಳಗೆ ಬಂದವಳು ನಾನು. ನೀನು ಅವರ ಮುಖ ನೋಡಲಿಲ್ಲ. ನಿನ್ನನ್ನು ಹಿಡಿದಿದ್ದ ನನ್ನ ಕೈ ನೋಡಿ, "ಅಮ್ಮನ ಜೊತೆ" ಅಂದೆ. ಅಂದಿನಿಂದ ನೀನು ಒಮ್ಮೆಯೂ ಕುಯ್ದಿಲ್ಲ. ಎಂಟು ವರ್ಷ ಅದನ್ನು ನೆಮ್ಮದಿ ಎಂದುಕೊಂಡಿದ್ದೆ. ಈಗ ಮತ್ತೆ ಕೇಳುತ್ತಿದ್ದೇನೆ. ರಜೆಗೆ ಎಲ್ಲಿಗೆ ಹೋಗಲು ನಿನಗಿಷ್ಟ? ಅಪ್ಪನ ಮನೆಗೆ ಎಂದಾದರೆ ನನಗೆ ಹೇಳಬೇಕೆಂದೂ ಇಲ್ಲ, ಅವರಿಗೆ ಹೇಳಿದರೆ ಸಾಕು. ನೀನು ಇದನ್ನು ಓದುವಾಗ ನಾನು ಹತ್ತಿರ ಇರುವುದಿಲ್ಲ. ಪತ್ರ ಅದಕ್ಕೇ.