ಅಪ್ಪನ ಹೆಸರು ಅಂಟದ ಮನೆ

ಭಾನುವಾರ, ಮಾರ್ಚ್ 9

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಬರೆಯೋದು ತಡವಾಯಿತು, ಬೇಕಾದಷ್ಟು ಬೈಕೋ. ಫ್ಯಾಮಿಲಿ ಗ್ರೂಪು ಬಿಟ್ಟುಹೋಗಿದ್ದೀಯಾ, ನನ್ನ ಮೆಸೇಜಿಗೂ ಒಂದು ಹೆಬ್ಬೆರಳು ಬಿಟ್ಟು ಬೇರೇನೂ ಬರಲ್ಲ. ಅದಕ್ಕೇ ಈ ಕಾಗದ. ಇದನ್ನು ಮ್ಯೂಟ್ ಮಾಡು ನೋಡೋಣ!

ದೊಡ್ಡ ಸುದ್ದಿ: ನಾವು ಮನೆ ಮಾರಿದೆವು. ಅಮ್ಮನ ಮಂಡಿಗೆ ಮೆಟ್ಟಿಲು ಆಗುತ್ತಿರಲಿಲ್ಲ, ಪಕ್ಕದ ಬೀದಿಯಲ್ಲೇ ಮೆಟ್ಟಿಲಿಲ್ಲದ ಮನೆ ಸಿಕ್ಕಿತು. ಹಳೆಯದನ್ನು ಬೇಕರಿಯವರು ಕೊಂಡರು. ನಾನು ಅಳುತ್ತಾ ಸಾಮಾನು ಕಟ್ಟುತ್ತಿದ್ದರೆ ಅಪ್ಪನ ಮುಖದಲ್ಲಿ ಮದುಮಗನ ಕಳೆ. ಯಾಕೆ ಗೊತ್ತಾ?

ಆ ಮನೆಯ ಚರಿತ್ರೆಗೆ ನನಗಿಂತ ದೊಡ್ಡ ಫ್ಯಾನ್ ಇಲ್ಲ, ಆದ್ದರಿಂದ ಕೇಳು. ಕಟ್ಟಿಸಿದ್ದು ಫೋಟೋದವರು, ಗೋಡೆಯಗಲದ ಆ ಕಿಟಕಿ ಬೆಳಕಿಗೋಸ್ಕರ ಅವರೇ ಇಡಿಸಿದ್ದು. ಅವರಿಂದ ಹಲ್ಲಿನ ಡಾಕ್ಟರು ಕೊಂಡರೂ ಜನ ‘ಫೋಟೋದವರ ಮನೆ’ ಅನ್ನೋದು ಬಿಡಲಿಲ್ಲ. ಫೋಟೋಗೆ ಅಂತ ಪೌಡರ್ ಬಳಿದುಕೊಂಡು ಬಂದವರಿಗೆ ಡಾಕ್ಟರು, “ಬಂದಿದ್ದು ಬಂದ್ರಿ, ಬಾಯಿ ತೆಗೀರಿ” ಅನ್ನುತ್ತಿದ್ದರಂತೆ! ಅವರು ಹೋಗಿ ನಾವು ಬಂದ ಮೇಲೆ ಅದು ‘ಹಲ್ಲು ಡಾಕ್ಟ್ರ ಮನೆ’ ಆಯಿತು. ಅಪ್ಪ ಬಾಗಿಲಷ್ಟು ದೊಡ್ಡ ‘ತಕ್ಕಡಿ ರಿಪೇರಿ’ ಬೋರ್ಡು ಹಾಕಿದರೂ ಕೆನ್ನೆ ಹಿಡಿದುಕೊಂಡವರು ಬರುತ್ತಲೇ ಇದ್ದರು.

“ಬಾಯಿ ಮುಚ್ರೀ, ನಾನು ತಕ್ಕಡಿಯವ್ನು!”

ಅಂದರೆ ಬಿಟ್ಟುಹೋದವರ ಹೆಸರೇ ಆ ಮನೆಗೆ ಅಂಟೋದು. “ಇನ್ನು ನೋಡು, ಊರೆಲ್ಲಾ ತಕ್ಕಡಿಯವರ ಮನೆ ಅನ್ಬೇಕು. ಇದಕ್ಕೇ ಇಷ್ಟು ವರ್ಷ ಕಾದಿದ್ದು,” ಎಂದರು ಅಪ್ಪ.

“ಏನು, ನನ್ನ ಮಂಡಿ ಸವೀಲಿ ಅಂತ ಕಾಯ್ತಿದ್ರಾ?” ಅಂದಳು ಅಮ್ಮ.

ನಿನ್ನೆ ಅಪ್ಪ ನನ್ನನ್ನೂ ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಫೋನಿನಿಂದ ತಲೆಯೆತ್ತದ ಒಬ್ಬ ಟ್ಯಾಕ್ಸಿಯವನ ಹತ್ತಿರ ಪರವೂರಿನವರ ಹಾಗೆ ನಿಂತು ಕೇಳಿದರು: “ಬೇಕರಿಯವ್ರು ಹೊಸದಾಗಿ ಮನೆ ತಗೊಂಡ್ರಲ್ಲ, ಅಲ್ಲಿಗೆ ಹೋಗ್ಬೇಕಿತ್ತು. ಯಾರ ಮನೆ ಅಂತಾರಪ್ಪ ಅದನ್ನ?”

“ತುತ್ತೂರಿ ಹುಡುಗಿ ಮನೆ ತಾನೆ? ಬೆಳಗಾದ್ರೆ ಊದಿ ಊದಿ ಇಡೀ ಬೀದಿ ಎಬ್ಬಿಸ್ತಿತ್ತು ಸಾರ್ ಆ ಹುಡುಗಿ. ಎಲ್ಲಿ ಹೋಯ್ತೋ ಏನೋ. ನಾನೀಗ ಅಲಾರಂ ಇಟ್ಕೊಂಡಿದೀನಿ.”

ಅಕ್ಕಾ, ನೀನು! ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು. ಅಪ್ಪ ಟ್ಯಾಕ್ಸಿ ಹತ್ತಲಿಲ್ಲ. “ನಡಿ, ನಡ್ಕೊಂಡೇ ಹೋಗೋಣ” ಅಂದರು, ಅಷ್ಟೇ.

ನಿನ್ನ ಉಸಿರು ನೂರು ವರ್ಷ ಗಟ್ಟಿಯಾಗಿರಲಿ ಅಂತ ಅಮ್ಮ ಹರಸಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ.

ನಿನ್ನ
ಬಾಲ

ಬರೆಯಲೋ ಬೇಡವೋ ಅಂದುಕೊಂಡಿದ್ದು: ಇವತ್ತು ಹಳೇ ಮನೆಯಲ್ಲಿ ಉಳಿದಿದ್ದ ಬೀರು ತರೋಕೆ ಹೊರಟ ಗಾಡಿಯವನಿಗೆ ಅಪ್ಪ ತಾವಾಗಿಯೇ, “ತುತ್ತೂರಿ ಹುಡುಗಿ ಮನೆಗೆ ಹೋಗಪ್ಪಾ” ಅಂದರು. “ಊದೋದಾದ್ರೆ ನನ್ನ ಮನೆ ಬಿಟ್ಟು ಹೋಗು” ಅಂದಿದ್ದೂ ಅದೇ ಬಾಯಿ. ನೀನು ಹೋದಂದಿನಿಂದ ಆ ಬಾಯಲ್ಲಿ ನಿನ್ನ ಸುದ್ದಿ ಬಂದಿದ್ದು ಇದೇ ಮೊದಲು. ಆಮೇಲೆ ಹೊಸ ಮನೆಯ ಬೀದಿ ಕಡೆ ಕೋಣೆಯಿಂದ ತಕ್ಕಡಿಗಳನ್ನೆಲ್ಲ ಒಬ್ಬರೇ ಹಿಂದಕ್ಕೆ ಸಾಗಿಸಿದರು. ಯಾಕಪ್ಪಾ ಅಂದೆ. “ಇರ್ಲಿ ಬಿಡು, ಜಾಗ ಬೇಕಾಗುತ್ತೆ” ಅಂದರು.